ಎರಡು ತಿಂಗಳಾದರೂ ಒಣಗದ ಚಿತ್ರ: ಆಯಿಲ್ ಪೇಂಟಿಂಗ್ ಬಿಟ್ಟುಬಿಡಬೇಕಾ?

ಪ್ರಶ್ನೆ: ನಾನು ಮಂಡ್ಯ ಹತ್ತಿರದ ಹಳ್ಳಿಯವಳು, ಪ್ರೈಮರಿ ಸ್ಕೂಲ್ ಟೀಚರ್, ವಯಸ್ಸು 44. ಕಳೆದ ವರ್ಷದಿಂದ ವಿಡಿಯೋ ನೋಡಿಕೊಂಡು ಆಯಿಲ್ ಪೇಂಟಿಂಗ್ ಕಲಿಯುತ್ತಿದ್ದೇನೆ. ಜೂನ್‌ನಲ್ಲಿ ನಮ್ಮೂರ ನಾಲೆ ಮತ್ತು ಕಬ್ಬಿನ ಗದ್ದೆಯ ಚಿತ್ರ ಬರೆದೆ. ಜಗನ್ಮೋಹನ ಅರಮನೆಯ ದೀಪ ಹಿಡಿದ ಹೆಂಗಸಿನ ಚಿತ್ರದಲ್ಲಿ ಇರುವಂಥ ಹೊಳಪು ಬರಲಿ ಅಂತ ಬಣ್ಣಕ್ಕೆ ಗಾಣದ ಅಗಸೆ ಎಣ್ಣೆ ಜಾಸ್ತಿ ಹಾಕಿದ್ದೆ. ತೆಳು ಮಾಡೋಕೆ ಹಾರ್ಡ್‌ವೇರ್ ಅಂಗಡಿಯ ಟರ್ಪಿನ್. ಎರಡು ತಿಂಗಳಾಯ್ತು, ಆಕಾಶ ಇನ್ನೂ ಅಂಟಂಟು. ಪಕ್ಕದ ಆಲೆಮನೆಯ ಬೂದಿ ಬಂದು ಅದರ ಮೇಲೆ ಕೂತಿದೆ. ನಾಲೆ ಏರಿಯ ಕಂದು ಬಣ್ಣ ಮಾತ್ರ ನಾಲ್ಕೇ ದಿನದಲ್ಲಿ ಒಣಗಿ ಮಂಕಾಯ್ತು. ಟ್ಯೂಬ್‌ಗಳು ಡೂಪ್ಲಿಕೇಟಾ? ಬಿಸಿಲಿಗೆ ಇಡಿ ಅಂತ ಒಬ್ಬರು, ವಾರ್ನಿಷ್ ಹೊಡೆಯಿರಿ ಅಂತ ಇನ್ನೊಬ್ಬರು. ಮಗನಿಗೆ ವೀಸಿಂಗ್ ಇದೆ, ವಾಸನೆ ನೋಡಿ ಅತ್ತೆ ಬೈಯುತ್ತಾರೆ. ಒರೆಸಿದ ಬಟ್ಟೆಗಳನ್ನೂ ಕವರ್‌ಗೆ ಕಟ್ಟಿ ಸ್ಟೋರ್ ರೂಮಿನಲ್ಲಿ ಇಟ್ಟಿದ್ದೇನೆ. ಕಾರ್ತಿಕದಲ್ಲಿ ತಂಗಿಯ ಗೃಹಪ್ರವೇಶ, ಈ ಚಿತ್ರವನ್ನೇ ಕೊಡಬೇಕು ಅಂತಿದ್ದೆ. ಈ ವಯಸ್ಸಿಗೆ ಆಯಿಲ್ ಕಷ್ಟ, ಅಕ್ರಿಲಿಕ್ ಮಾಡಿ ಅಂತಾರೆ. ಬಿಟ್ಟುಬಿಡಲಾ?

ಉತ್ತರ:

ಪೂರ್ತಿ ಓದುವ ಮೊದಲು ಎದ್ದು ಹೋಗಿ ಒಂದು ಕೆಲಸ ಮಾಡಿ. ಸ್ಟೋರ್ ರೂಮಿನ ಆ ಕವರ್ ಹೊರಗೆ ತನ್ನಿ. ಬಟ್ಟೆಗಳನ್ನು ಬಿಡಿಸಿ ಒಂದು ಬಕೆಟ್ ನೀರಿಗೆ ಹಾಕಿ. ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಇಟ್ಟರೆ ಅದು ತಾನಾಗಿಯೇ ಬಿಸಿಯಾಗುತ್ತದೆ. ಕೆಲವು ಸಲ ಕಡ್ಡಿ ಗೀರದೆಯೇ ಹೊತ್ತಿಕೊಳ್ಳುತ್ತದೆ. ಇದು ಕಟ್ಟುಕಥೆ ಅಲ್ಲ. ಮರಗೆಲಸದ ಶೆಡ್‌ಗಳಲ್ಲಿ, ಬಣ್ಣದ ಕೋಣೆಗಳಲ್ಲಿ ನಿಜವಾಗಿ ಆಗಿರುವ ಅನಾಹುತ. ಇನ್ನು ಮುಂದೆ ಪ್ರತಿ ದಿನ ಕೆಲಸ ಮುಗಿದ ಮೇಲೆ ಬಟ್ಟೆಗಳನ್ನು ಹಿತ್ತಿಲ ತಂತಿಯ ಮೇಲೆ ಒಂದೊಂದಾಗಿ ಹರಡಿ ಗಟ್ಟಿಯಾಗೋವರೆಗೆ ಬಿಡಿ. ಇಲ್ಲವೇ ನೀರು ತುಂಬಿದ ಮುಚ್ಚಳದ ತಗಡಿನ ಡಬ್ಬಿಗೆ ಹಾಕಿಡಿ.

ಆಯ್ತಾ? ಈಗ ಚಿತ್ರದ ವಿಷಯಕ್ಕೆ ಬರೋಣ. ಬಟ್ಟೆ ಯಾಕೆ ಬಿಸಿಯಾಗುತ್ತದೆ ಅನ್ನೋದು ಗೊತ್ತಾದರೆ ನಿಮ್ಮ ಆಕಾಶ ಯಾಕೆ ಒಣಗಿಲ್ಲ ಅನ್ನೋದೂ ಗೊತ್ತಾಗುತ್ತದೆ, ಎರಡಕ್ಕೂ ಕಾರಣ ಒಂದೇ.

ನೀರಿನ ಬಣ್ಣ ಒಣಗೋದು ನೀರು ಆವಿಯಾಗಿ. ಎಣ್ಣೆ ಬಣ್ಣ ಹಾಗಲ್ಲ, ಎಣ್ಣೆ ಎಲ್ಲಿಗೂ ಹೋಗೋದಿಲ್ಲ. ಅದು ಗಾಳಿಯಲ್ಲಿರುವ ಆಮ್ಲಜನಕವನ್ನು ಎಳೆದುಕೊಂಡು ನಿಧಾನವಾಗಿ ಗಟ್ಟಿ ಪದರವಾಗಿ ಬದಲಾಗುತ್ತದೆ. ಒಣಗುವ ಹೊತ್ತಿನಲ್ಲಿ ಅದರ ತೂಕ ಸ್ವಲ್ಪ ಜಾಸ್ತಿಯೇ ಆಗುತ್ತದೆ, ಕಡಿಮೆ ಅಲ್ಲ. ಹಾಗೆ ಗಟ್ಟಿಯಾಗುವಾಗ ಶಾಖವೂ ಹುಟ್ಟುತ್ತದೆ. ಕ್ಯಾನ್ವಾಸ್ ಮೇಲೆ ಆ ಶಾಖ ಗಾಳಿಗೆ ಹೋಗಿಬಿಡುತ್ತದೆ, ಬಟ್ಟೆಯ ಮುದ್ದೆಯೊಳಗೆ ಹೋಗೋಕೆ ದಾರಿ ಇಲ್ಲದೆ ಅಲ್ಲೇ ಕೂಡಿಕೊಳ್ಳುತ್ತದೆ.

ಹಾಗಾಗಿ ಆಯಿಲ್ ಪೇಂಟಿಂಗ್‌ನಲ್ಲಿ ಯಾವ ತೊಂದರೆ ಬಂದರೂ ನಾನು ಮೊದಲು ಕೇಳೋದು ಮೂರೇ ಪ್ರಶ್ನೆ. ಎಣ್ಣೆ ಎಷ್ಟಿದೆ, ಯಾವ ಎಣ್ಣೆ, ಅದಕ್ಕೆ ಗಾಳಿ ಸಿಗುತ್ತಿದೆಯಾ.

ನೀವು ಪತ್ರದ ಜೊತೆ ಕಳಿಸಿದ ಚಿತ್ರದ ಫೋಟೋ ದೊಡ್ಡದು ಮಾಡಿ ನೋಡಿದೆ. ಎಡಗಡೆಯ ಮೋಡದ ಅಂಚಿನಲ್ಲಿ ಬಣ್ಣ ದಪ್ಪಗೆ ಕೂತು ಸಣ್ಣ ಸಣ್ಣ ಸುಕ್ಕು ಬಿದ್ದಿದೆ. ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಮೇಲ್ಪದರ ಮಾತ್ರ ಗಟ್ಟಿಯಾಗಿದೆ, ಕೆಳಗೆ ಎಣ್ಣೆ ಹಸಿಯಾಗಿಯೇ ಇದೆ. ಈ ಸುಕ್ಕು ನೋಡಿದ ತಕ್ಷಣ ಹೇಳಬಹುದು, ಎಣ್ಣೆ ಅತಿಯಾಗಿದೆ ಅಂತ. ಟ್ಯೂಬಿನಿಂದ ಬರುವ ಬಣ್ಣದಲ್ಲಿ ಬೇಕಾದಷ್ಟು ಎಣ್ಣೆ ಆಗಲೇ ಇರುತ್ತದೆ. ಹೊಸಬರಿಗೆ ಮೇಲೆ ಎಣ್ಣೆ ಸೇರಿಸುವ ಅಗತ್ಯವೇ ಬರೋದಿಲ್ಲ. ಸೇರಿಸಿದರೂ ಕೊನೆಯ ಪದರಗಳಲ್ಲಿ, ಬ್ರಷ್ ತುದಿಗೆ ಅಂಟುವಷ್ಟು.

ಟ್ಯೂಬ್ ಡೂಪ್ಲಿಕೇಟ್ ಅನ್ನೋ ಅನುಮಾನ ಬಿಡಿ. ಒಂದೊಂದು ಬಣ್ಣ ಒಂದೊಂದು ವೇಗದಲ್ಲಿ ಒಣಗುತ್ತದೆ, ಅದು ಅದರ ಗುಣ. ನಾಲೆ ಏರಿಗೆ ನೀವು ಹಾಕಿದ್ದು ಬರ್ನ್ಟ್ ಅಂಬರ್. ಅದೊಂದು ಮಣ್ಣಿನ ಬಣ್ಣ, ಅದರಲ್ಲಿ ಮ್ಯಾಂಗನೀಸ್ ಇರುತ್ತದೆ, ಅದು ಎಣ್ಣೆಯನ್ನು ಬೇಗ ಒಣಗಿಸುತ್ತದೆ. ಆಕಾಶಕ್ಕೆ ಹಾಕಿದ ಟೈಟಾನಿಯಂ ವೈಟ್ ನಿಧಾನದ ಬಣ್ಣ. ಐವರಿ ಬ್ಲ್ಯಾಕ್, ಅಲಿಜರಿನ್ ಕ್ರಿಮ್ಸನ್, ಕ್ಯಾಡ್ಮಿಯಂ ಬಣ್ಣಗಳೂ ಅಷ್ಟೇ. ತೆಳ್ಳಗೆ ಹಚ್ಚಿದರೆ ಅಂಬರ್ ಎರಡು ಮೂರು ದಿನಕ್ಕೆ ಮುಟ್ಟುವ ಹಾಗಾಗುತ್ತದೆ. ಬಿಳಿಗೆ ವಾರ, ಹತ್ತು ದಿನ, ಕೆಲವು ಸಲ ಅದಕ್ಕೂ ಜಾಸ್ತಿ. ನೀವು ದಪ್ಪಗೆ ಹಚ್ಚಿ, ಮೇಲೆ ಎಣ್ಣೆಯನ್ನೂ ಸೇರಿಸಿದಿರಿ.

ಏರಿಯ ಕಂದು ಮಂಕಾಗಿದ್ದಕ್ಕೂ ಗಾಬರಿ ಬೇಡ. ಅಂಬರ್‌ಗೆ ಆ ಸ್ವಭಾವ ಜಾಸ್ತಿ. ಕೆಳಗಿನ ಗೆಸ್ಸೋ ಪದರ (ಬಣ್ಣ ಹಚ್ಚುವ ಮೊದಲು ಕ್ಯಾನ್ವಾಸ್‌ಗೆ ಬಳಿಯುವ ಬಿಳಿ ಲೇಪ) ಎಣ್ಣೆಯನ್ನು ಹೀರಿಕೊಂಡರೆ ಬಣ್ಣ ಒಣಕಲಾಗಿ ಕಾಣುತ್ತದೆ. ಮುಂದೆ ಆ ಭಾಗದ ಮೇಲೆ ಮತ್ತೆ ಬಣ್ಣ ಹಚ್ಚೋದಿದ್ದರೆ ಮೆತ್ತನೆ ಬಟ್ಟೆಯಲ್ಲಿ ಎರಡು ಹನಿ ಲಿನ್ಸೀಡ್ ಆಯಿಲ್ ತಗೊಂಡು ತಿಕ್ಕಿ, ಐದು ನಿಮಿಷ ಬಿಟ್ಟು ಪೂರ್ತಿ ಒರೆಸಿ ತೆಗೆಯಿರಿ. ಬಣ್ಣದ ಜೀವ ವಾಪಸ್ ಬರುತ್ತದೆ. ಸುಮ್ನೆ ಹೊಳೆಯಲಿ ಅಂತ ಮಾತ್ರ ಹೀಗೆ ಎಣ್ಣೆ ಸವರಬೇಡಿ, ವರ್ಷ ಕಳೆದ ಹಾಗೆ ಅದು ಹಳದಿಯಾಗುತ್ತದೆ.

ಗಾಣದ ಅಗಸೆ ಎಣ್ಣೆಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮೈಸೂರು ಮಂಡ್ಯ ಕಡೆ ಈಗ ಗಲ್ಲಿಗೊಂದು ಗಾಣ ಆಗಿದೆ, ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಲಿನ್ಸೀಡ್ ಅಂದರೆ ಅಗಸೆಯೇ, ನೀವು ತಪ್ಪು ಎಣ್ಣೆ ತಂದಿಲ್ಲ. ಕಡಲೆಕಾಯಿ ಎಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಹಾಕಿದ್ದರೆ ಚಿತ್ರ ಯಾವತ್ತೂ ಗಟ್ಟಿಯಾಗುತ್ತಿರಲಿಲ್ಲ. ಅಗಸೆ ಒಣಗುವ ಎಣ್ಣೆ. ಆದರೆ ಊಟದ ಎಣ್ಣೆಗೂ ಚಿತ್ರದ ಎಣ್ಣೆಗೂ ವ್ಯತ್ಯಾಸ ಇದೆ. ಚಿತ್ರಕ್ಕೆ ಮಾರುವ ಎಣ್ಣೆಯಲ್ಲಿ ಬೀಜದ ಲೋಳೆ, ಕಸರು ಎಲ್ಲ ತೆಗೆದಿರುತ್ತಾರೆ. ಅಡುಗೆಗೆ ಮಾರುವ ಕೆಲವು ಬಾಟಲಿಗಳಲ್ಲಿ ಎಣ್ಣೆ ಕಮಟಾಗದ ಹಾಗೆ ವಿಟಮಿನ್ ಇ ಥರದ್ದು ಸೇರಿಸಿರುತ್ತಾರೆ. ಎಣ್ಣೆ ಕಮಟಾಗೋದೂ ಗಾಳಿಯಿಂದ, ಒಣಗೋದೂ ಗಾಳಿಯಿಂದ. ಒಂದನ್ನು ತಡೆಯುವ ವಸ್ತು ಇನ್ನೊಂದನ್ನೂ ತಡೆಯುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಬಾಗಿಲು ಕಿಟಕಿಗೆ ಅಂತ ಮಾರುವ ಡಬಲ್ ಬಾಯ್ಲ್ಡ್ ಲಿನ್ಸೀಡ್ ಕೂಡ ಬೇಡ. ಬೇಗ ಒಣಗಲಿ ಅಂತ ಅದಕ್ಕೆ ಡ್ರೈಯರ್ ಹಾಕಿರುತ್ತಾರೆ, ಚಿತ್ರ ಕಪ್ಪಾಗುತ್ತದೆ, ಮುಂದೆ ಬಿರುಕೂ ಬಿಡಬಹುದು. ಕಲಾ ಸಾಮಗ್ರಿ ಅಂಗಡಿಯಲ್ಲಿ ರಿಫೈನ್ಡ್ ಲಿನ್ಸೀಡ್ ಆಯಿಲ್ ಸಣ್ಣ ಬಾಟಲಿಯಲ್ಲಿ ಸಿಗುತ್ತದೆ. ನಿಮ್ಮಂಥವರಿಗೆ ಅದೊಂದೇ ವರ್ಷಗಟ್ಟಲೆ ಸಾಕು.

ಟರ್ಪಿನ್‌ಗೂ ಒಂದು ಪರೀಕ್ಷೆ ಇದೆ. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ನಾಳೆ ನೋಡಿ. ಗುರುತೇ ಇಲ್ಲದೆ ಹೋಗಿದ್ದರೆ ಸರಿ. ಜಿಡ್ಡಿನ ಉಂಗುರ ಉಳಿದಿದ್ದರೆ ಅದರಲ್ಲಿ ಸೀಮೆಎಣ್ಣೆಯಂಥದ್ದೇನೋ ಬೆರೆತಿದೆ, ಅದನ್ನು ಕ್ಯಾನ್ವಾಸ್ ಹತ್ತಿರ ತರಬೇಡಿ.

ಇನ್ನು ಹೊಳಪು. ನೀವು ಹೇಳಿದ ದೀಪ ಹಿಡಿದ ಹೆಂಗಸಿನ ಚಿತ್ರ ಎಣ್ಣೆ ಬಣ್ಣದ್ದೇ ಅಲ್ಲ! ಅದು ಜಲವರ್ಣ. ರಾಜಾ ರವಿವರ್ಮ ಬರೆದದ್ದು ಅಂತ ಮೈಸೂರಿನವರೇ ಎಷ್ಟೋ ಜನ ಹೇಳುತ್ತಾರೆ, ಅದೂ ಸರಿಯಲ್ಲ, ಬರೆದವರು ಎಸ್. ಎಲ್. ಹಲ್ದಂಕರ್. ಮುಂದಿನ ಸಲ ಹೋದಾಗ ದೀಪ ನೋಡಬೇಡಿ, ಬೆಳಕಿಗೆ ಅಡ್ಡ ಹಿಡಿದ ಬೆರಳುಗಳನ್ನು ನೋಡಿ. ಬೆರಳ ಸಂದಿಯಲ್ಲಿ ಕೆಂಪು ಬೆಳಕು ಇಳಿದಿದೆ. ಸುತ್ತಲಿನ ಬಣ್ಣಗಳನ್ನೆಲ್ಲ ತಗ್ಗಿಸಿ ಇಟ್ಟಿದ್ದಾರೆ, ಅದಕ್ಕೇ ಅಷ್ಟು ಸಣ್ಣ ಜಾಗ ಉರಿಯುವ ಹಾಗೆ ಕಾಣುತ್ತದೆ. ಹೊಳಪು ಬರೋದು ಪಕ್ಕದ ಕತ್ತಲಿನಿಂದ, ಎಣ್ಣೆಯಿಂದ ಅಲ್ಲ. ನಿಮ್ಮ ಚಿತ್ರದಲ್ಲಿ ಆಕಾಶವೂ ಬೆಳ್ಳಗೆ, ನೀರೂ ಬೆಳ್ಳಗೆ, ಕಬ್ಬಿನ ಗರಿಯ ತುದಿಯೂ ಬೆಳ್ಳಗೆ. ಆಕಾಶದ ಬಿಳುಪನ್ನು ಒಂದು ಮೆಟ್ಟಿಲು ಕೆಳಗಿಳಿಸಿ, ನೀರಿನಲ್ಲಿ ಒಂದೇ ಒಂದು ಕಡೆ ಬೆಳಕು ಬಿಡಿ, ನಾಲೆ ಹೊಳೆಯುತ್ತದೆ.

ಎಣ್ಣೆ ಬಣ್ಣವನ್ನೇ ನೋಡಬೇಕು ಅಂದರೆ ಅದೇ ಕಟ್ಟಡದಲ್ಲಿ ರವಿವರ್ಮನ ಚಿತ್ರಗಳಿವೆ. ಮೈಸೂರಿನ ದೊಡ್ಡ ಅರಮನೆಯ ಕಲ್ಯಾಣ ಮಂಟಪದ ಗೋಡೆಗಳಲ್ಲಿ ದಸರಾ ಮೆರವಣಿಗೆಯ ದೊಡ್ಡ ಚಿತ್ರಗಳಿವೆ, ಅವೂ ಕ್ಯಾನ್ವಾಸ್ ಮೇಲೆ ಎಣ್ಣೆ ಬಣ್ಣದಲ್ಲಿ ಬರೆದವು. ಹತ್ತಿರ ನಿಂತು ನೆರಳಿನ ಭಾಗ ನೋಡಿ, ಬೆಳಕಿನ ಭಾಗ ನೋಡಿ, ಬಣ್ಣ ಎಲ್ಲಿ ತೆಳ್ಳಗಿದೆ, ಎಲ್ಲಿ ದಪ್ಪ ಇದೆ ಅಂತ ಹುಡುಕಿ. ಒಂದು ಮಧ್ಯಾಹ್ನ ಹೀಗೆ ಕಳೆದರೆ ಹತ್ತು ವಿಡಿಯೋ ನೋಡಿದ್ದಕ್ಕಿಂತ ಜಾಸ್ತಿ ಸಿಗುತ್ತದೆ.

ಈಗ ನಾಲೆಯ ಚಿತ್ರವನ್ನು ಏನು ಮಾಡೋದು?

ಮೊದಲು ಏನು ಮಾಡಬಾರದು ಅಂತ ಹೇಳುತ್ತೇನೆ. ಸುಡುಬಿಸಿಲಿಗೆ ಇಡಬೇಡಿ, ಮೇಲಿನ ಪೊರೆ ಇನ್ನಷ್ಟು ಬಿಗಿಯುತ್ತದೆ, ಕೆಳಗಿನದು ಹಾಗೇ ಉಳಿಯುತ್ತದೆ. ಹೇರ್ ಡ್ರೈಯರ್ ಬೇಡ. ವಾರ್ನಿಷ್ ಅಂತೂ ಬೇಡವೇ ಬೇಡ. ಹಸಿ ಎಣ್ಣೆಯ ಮೇಲೆ ವಾರ್ನಿಷ್ ಹೊಡೆದರೆ ಗಾಳಿ ಹೋಗುವ ದಾರಿಯನ್ನೇ ಮುಚ್ಚಿದಂತೆ, ಎರಡೂ ಸೇರಿ ಅಂಟಾಗಿ ಕೂತುಬಿಡುತ್ತವೆ, ಆಮೇಲೆ ಬಿಡಿಸೋಕೆ ಆಗೋದಿಲ್ಲ. ಅಂಟಿನ ಮೇಲೆ ಅಕ್ರಿಲಿಕ್ ಹಚ್ಚಿ ಮುಚ್ಚುವ ಯೋಚನೆಯೂ ಬೇಡ. ಅಕ್ರಿಲಿಕ್ ಮೇಲೆ ಎಣ್ಣೆ ಬಣ್ಣ ನಿಲ್ಲುತ್ತದೆ, ಎಣ್ಣೆ ಬಣ್ಣದ ಮೇಲೆ ಅಕ್ರಿಲಿಕ್ ನಿಲ್ಲೋದಿಲ್ಲ, ಸಿಪ್ಪೆ ಏಳುತ್ತದೆ.

ಮಾಡಬಹುದಾದ್ದು ಎರಡಿದೆ. ಒಂದು, ಕಾಯೋದು. ಬೆಳಕು ಚೆನ್ನಾಗಿ ಬರುವ, ನೇರ ಬಿಸಿಲು ಬೀಳದ ಕೋಣೆಯಲ್ಲಿ ಚಿತ್ರವನ್ನು ಗೋಡೆಗೆ ಓರೆಯಾಗಿ ಒರಗಿಸಿ, ಬಣ್ಣದ ಮುಖ ಗೋಡೆ ಕಡೆ ಇರಲಿ, ಬುಡದಲ್ಲಿ ಒಂದು ಅಡಿ ಜಾಗ ಬಿಡಿ. ಹೀಗಿಟ್ಟರೆ ಗಾಳಿ ಆಡುತ್ತದೆ, ಬೂದಿ ಕೂರೋದಿಲ್ಲ. ಆಷಾಢದ ಗಾಳಿ ಮುಗಿದಿರೋದರಿಂದ ಧೂಳೂ ಈಗ ಕಡಿಮೆ. ಬೀರುವಿನಲ್ಲೋ ಮಂಚದ ಕೆಳಗೋ ಇಡಬೇಡಿ, ಕತ್ತಲಲ್ಲಿ ಒಣಗಿದ ಅಗಸೆ ಎಣ್ಣೆ ಹಳದಿಗೆ ತಿರುಗುತ್ತದೆ. ಆಗಲೇ ಅಂಟಿರುವ ಬೂದಿಯನ್ನು ಈಗ ಕೀಳೋಕೆ ಹೋಗಬೇಡಿ, ಉಜ್ಜಿದರೆ ಆಕಾಶ ಪೂರ್ತಿ ಕಪ್ಪಾಗುತ್ತದೆ. ಒಣಗಿದ ಮೇಲೆ ಮೆತ್ತನೆ ಬ್ರಷ್‌ನಲ್ಲಿ ಗುಡಿಸಿದರೆ ಅರ್ಧ ಹೋಗುತ್ತದೆ, ಉಳಿದದ್ದನ್ನು ಪ್ಯಾಲೆಟ್ ನೈಫ್ (ಬಣ್ಣ ಕಲಸುವ ಮೊಂಡು ಚಾಕು) ತುದಿಯಿಂದ ಎಬ್ಬಿಸಿ ಅಲ್ಲಲ್ಲಿ ಬಣ್ಣ ಮುಟ್ಟಿಸಿದರಾಯ್ತು. ಕಾಯುವುದರಲ್ಲಿ ಇರುವ ತೊಂದರೆ ಅಂದರೆ, ಒಣಗಿದರೂ ಆ ಸುಕ್ಕು ಹಾಗೇ ಉಳಿಯುತ್ತದೆ. ಕಬ್ಬಿನ ಗರಿಗಳನ್ನು ಹಸಿ ಎಣ್ಣೆಯ ಆಕಾಶದ ಮೇಲೆ ಟರ್ಪಿನ್ ಬೆರೆಸಿದ ತೆಳು ಬಣ್ಣದಲ್ಲಿ ಎಳೆದಿದ್ದೀರಿ. ತೆಳುವಾದದ್ದು ಬೇಗ ಒಣಗಿ ಬಿಗಿಯಾಗುತ್ತದೆ, ಕೆಳಗಿನದು ತಿಂಗಳುಗಟ್ಟಲೆ ಅಲುಗಾಡುತ್ತಲೇ ಇರುತ್ತದೆ. ಮುಂದೆ ಅಲ್ಲಿ ಬಿರುಕು ಬರುವ ಸಾಧ್ಯತೆ ಇದೆ.

ಇನ್ನೊಂದು, ಆಕಾಶವನ್ನಷ್ಟೇ ಕೆರೆದು ತೆಗೆಯೋದು. ಪ್ಯಾಲೆಟ್ ನೈಫ್ ಮಲಗಿಸಿ ಹಿಡಿದು ಮೆಲ್ಲಗೆ ಎತ್ತುತ್ತಾ ಬನ್ನಿ, ಉಳಿದ ಜಿಡ್ಡನ್ನು ಟರ್ಪಿನ್ ಮುಟ್ಟಿಸಿದ ಬಟ್ಟೆಯಿಂದ ಒರೆಸಿ. ಈ ಕೆಲಸ ಮನೆಯೊಳಗೆ ಬೇಡ, ಜಗಲಿಯಲ್ಲಿ ಮಾಡಿ, ಮಗ ಸ್ಕೂಲಿಗೆ ಹೋದ ಮೇಲೆ. ಕಬ್ಬಿನ ತುದಿಗಳು ಇದರ ಜೊತೆ ಹೋಗುತ್ತವೆ, ಅಂಚಿನ ಬಣ್ಣವೂ ಅಲ್ಲಲ್ಲಿ ಕದಡಬಹುದು. ನನ್ನ ಅಭಿಪ್ರಾಯ ಕೇಳಿದರೆ, ಸೆಪ್ಟೆಂಬರ್ ಮುಗಿಯೋವರೆಗೆ ಕಾಯಿರಿ. ಆಗಲೂ ಬೆರಳಿಗೆ ಅಂಟಿದರೆ ಕೆರೆಯಿರಿ. ನೀರು, ಏರಿ, ಆ ಒಂಟಿ ತೆಂಗಿನ ಮರ ಮೂರೂ ಚೆನ್ನಾಗಿ ಬಂದಿವೆ, ಏರಿಯ ತಿರುವನ್ನು ನೀವು ಹಿಡಿದಿರುವ ರೀತಿ ನನಗೆ ನಿಜಕ್ಕೂ ಇಷ್ಟವಾಯ್ತು. ಆಕಾಶಕ್ಕೋಸ್ಕರ ಅದನ್ನೆಲ್ಲ ಕಳೆದುಕೊಳ್ಳಬೇಡಿ.

ಹೊಸದಾಗಿ ಶುರು ಮಾಡುವಾಗ ಒಂದು ನಿಯಮ ನೆನಪಿಟ್ಟುಕೊಳ್ಳಿ: ಮೊದಲು ತೆಳ್ಳಗೆ, ಆಮೇಲೆ ದಪ್ಪ, ಕೆಳಗಿನ ಪದರಕ್ಕಿಂತ ಮೇಲಿನದರಲ್ಲಿ ಎಣ್ಣೆ ಯಾವತ್ತೂ ಕಡಿಮೆ ಇರಬಾರದು. ಮೊದಲ ದಿನ ಅಂಬರ್ ಅಥವಾ ಯೆಲ್ಲೋ ಓಕರ್ ಅನ್ನು ಎಣ್ಣೆ ಇಲ್ಲದೆ ತೆಳ್ಳಗೆ ತಿಕ್ಕಿ ಇಡೀ ಚಿತ್ರದ ನೆರಳು ಬೆಳಕು ಗುರುತು ಮಾಡಿಬಿಡಿ. ಅದು ಮೂರು ದಿನಕ್ಕೆ ಒಣಗುತ್ತದೆ. ಅದರ ಮೇಲೆ ಟ್ಯೂಬಿನ ಬಣ್ಣ ಹಾಗೇ ಹಚ್ಚಿ. ದಪ್ಪ ಬಿಳಿ ಎಲ್ಲಕ್ಕಿಂತ ಕೊನೆಗೆ.

ಮಗನ ವಿಷಯ ನಿಮ್ಮ ಪತ್ರದಲ್ಲಿ ಎರಡೇ ಸಾಲು, ಆದರೆ ನನಗೆ ಬಟ್ಟೆಯ ಆಮೇಲೆ ಅದೇ ದೊಡ್ಡದಾಗಿ ಕಾಣುತ್ತದೆ. ಅತ್ತೆ ಬೈಯೋದರಲ್ಲಿ ನ್ಯಾಯ ಇದೆ. ಟರ್ಪೆಂಟೈನ್ ಆವಿ ಮೂಗು, ಗಂಟಲು, ಶ್ವಾಸಕೋಶಕ್ಕೆ ಉರಿ ತರುತ್ತದೆ, ವೀಸಿಂಗ್ ಇರುವ ಮಕ್ಕಳಿಗೆ ಅದು ಬೇಡ. ವಾಸನೆ ಇಲ್ಲದ ಥಿನ್ನರ್ ಅಂತ ಸಿಗುತ್ತದಲ್ಲ, ಅದರಲ್ಲೂ ಆವಿ ಇರುತ್ತದೆ, ಮೂಗಿಗೆ ಗೊತ್ತಾಗೋದಿಲ್ಲ ಅಷ್ಟೇ. ಆದರೆ ಒಂದು ಸಮಾಧಾನದ ಸಂಗತಿ: ಥಿನ್ನರ್ ಇಲ್ಲದೆಯೂ ಆಯಿಲ್ ಪೇಂಟಿಂಗ್ ಮಾಡಬಹುದು. ಮೊದಲ ಪದರವನ್ನು ಗಟ್ಟಿ ಕೂದಲಿನ ಬ್ರಷ್‌ನಿಂದ ತಿಕ್ಕಿ, ಬಟ್ಟೆಯಿಂದ ಒರೆಸಿ ತೆಳು ಮಾಡಬಹುದು, ಇಲ್ಲವೇ ಅದನ್ನು ಅಕ್ರಿಲಿಕ್‌ನಲ್ಲೇ ಮಾಡಿಕೊಳ್ಳಬಹುದು. ಬ್ರಷ್ ತೊಳೆಯೋಕೆ ಮೊದಲು ಕಾಗದದಲ್ಲಿ ಬಣ್ಣ ಹಿಂಡಿ ತೆಗೆಯಿರಿ, ಆಮೇಲೆ ಕಡಲೆಕಾಯಿ ಎಣ್ಣೆಯಲ್ಲಿ ಅದ್ದಿ ಒರೆಸಿ, ಕೊನೆಗೆ ಬಟ್ಟೆ ಸೋಪನ್ನು ಅಂಗೈಗೆ ಹಾಕಿಕೊಂಡು ಬುಡದವರೆಗೆ ತಿಕ್ಕಿ, ನೊರೆ ಬೆಳ್ಳಗೆ ಬರೋವರೆಗೆ. ಎಣ್ಣೆಯ ಅಂಶ ಉಳಿಯಬಾರದು, ಉಳಿದರೆ ಮುಂದಿನ ಚಿತ್ರ ಒಣಗೋದಿಲ್ಲ. ನೀರಿನಲ್ಲೇ ತೊಳೆಯಬಹುದಾದ ಎಣ್ಣೆ ಬಣ್ಣಗಳೂ ಇವೆ. ವಿನ್ಸರ್ ಅಂಡ್ ನ್ಯೂಟನ್‌ನ ಆರ್ಟಿಸನ್, ಟಾಲೆನ್ಸ್‌ನ ಕೋಬ್ರಾ ಆ ಥರದವು. ಬೆಲೆ ಜಾಸ್ತಿ, ಕೈಗೆ ಹತ್ತೋಕೆ ಸ್ವಲ್ಪ ದಿನ ಬೇಕು, ಆದರೆ ನಿಮ್ಮ ಮನೆಗೆ ಹೊಂದುತ್ತವೆ.

ಏನೇ ಬಳಸಿದರೂ ಮಗ ಮಲಗುವ ಕೋಣೆಯಲ್ಲಿ ಚಿತ್ರ ಬರೆಯೋದೂ ಬೇಡ, ಒಣಗೋಕೆ ಇಡೋದೂ ಬೇಡ. ಒಣಗುವ ಎಣ್ಣೆಯೂ ವಾಸನೆ ಬಿಡುತ್ತದೆ. ಅವನನ್ನು ನೋಡುವ ಡಾಕ್ಟರಿಗೆ ಮನೆಯಲ್ಲಿ ಹೀಗೊಂದು ಹವ್ಯಾಸ ಇದೆ ಅಂತ ಒಂದು ಮಾತು ಹೇಳಿ. ಥಿನ್ನರ್ ಇಲ್ಲದೆ ಮಾಡಿದರೂ ಅವನಿಗೆ ತೊಂದರೆ ಆಗುತ್ತಿದ್ದರೆ ಮಾತ್ರ, ಆಗ ಅಕ್ರಿಲಿಕ್‌ಗೆ ಹೋಗಿ. ಅದು ಸೋಲಲ್ಲ. ಅಕ್ರಿಲಿಕ್ ಒಳ್ಳೆಯ ಮಾಧ್ಯಮ. ಅರ್ಧ ಗಂಟೆಯಲ್ಲಿ ಒಣಗುತ್ತದೆ, ಹಾಗಾಗಿ ಮೋಡದ ಅಂಚನ್ನು ನಿಧಾನವಾಗಿ ಕರಗಿಸುವ ಸುಖ ಅದರಲ್ಲಿ ಕಷ್ಟ. ನಿಮಗೆ ಆ ಸುಖ ಬೇಕು ಅಂತ ನಿಮ್ಮ ಮೋಡಗಳೇ ಹೇಳುತ್ತಿವೆ.

ವಯಸ್ಸಿನ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ಎಣ್ಣೆ ಬಣ್ಣ ಕೇಳೋದು ಬೇಗ ಓಡುವ ಕೈಯನ್ನಲ್ಲ, ಒಂದು ಪದರ ಹಚ್ಚಿ ಒಂದು ವಾರ ಸುಮ್ಮನಿರುವ ಮನಸ್ಸನ್ನು. ಸ್ಕೂಲು, ಮನೆ, ಅಡುಗೆ ಅಂತ ಓಡಾಡುವವರಿಗೆ ಆ ವಾರದ ಬಿಡುವು ಅನುಕೂಲವೇ. ಶನಿವಾರ ಒಂದು ಪದರ, ಮುಂದಿನ ಶನಿವಾರ ಇನ್ನೊಂದು. ಖರ್ಚಿನ ಹೆದರಿಕೆಯೂ ಅಷ್ಟೇ. ಟೈಟಾನಿಯಂ ವೈಟ್ ದೊಡ್ಡ ಟ್ಯೂಬ್ ಒಂದು, ಅಲ್ಟ್ರಾಮರೀನ್, ಬರ್ನ್ಟ್ ಅಂಬರ್, ಯೆಲ್ಲೋ ಓಕರ್, ಲೆಮನ್ ಯೆಲ್ಲೋ, ಒಂದು ಕೆಂಪು ಸಾಕು. ಅಲ್ಟ್ರಾಮರೀನ್ ಮತ್ತು ಅಂಬರ್ ಸೇರಿಸಿದರೆ ಟ್ಯೂಬಿನ ಕಪ್ಪಿಗಿಂತ ಒಳ್ಳೆಯ ಕಪ್ಪು ಬರುತ್ತದೆ.

ಇನ್ನು ಗೃಹಪ್ರವೇಶ. ನಾಲೆಯ ಚಿತ್ರ ಕಾರ್ತಿಕಕ್ಕೆ ಸಿದ್ಧವಾಗುತ್ತದೆ ಅಂತ ನಾನು ಮಾತು ಕೊಡೋದಿಲ್ಲ. ಅದನ್ನೇ ಚಿಕ್ಕದಾಗಿ, 10 ಇಂಚು 12 ಇಂಚಿನ ಬೋರ್ಡ್ ಮೇಲೆ ಈಗಲೇ ಇನ್ನೊಮ್ಮೆ ಶುರು ಮಾಡಿ. ಎಂಡಿಎಫ್ ಹಲಗೆ ಆದರೆ ಮುಂದೆ, ಹಿಂದೆ, ಅಂಚಿಗೆ ಎಲ್ಲ ಕಡೆ ಗೆಸ್ಸೋ ಹಚ್ಚಿ, ಒಂದೇ ಕಡೆ ಹಚ್ಚಿದರೆ ಬಾಗುತ್ತದೆ. ತೆಳು ಪದರಗಳಲ್ಲಿ, ಎಣ್ಣೆ ಸೇರಿಸದೆ, ಸೆಪ್ಟೆಂಬರ್ ಕೊನೆಗೆ ಮುಗಿಸಿ. ಕಾರ್ತಿಕದ ಹೊತ್ತಿಗೆ ಮುಟ್ಟಿದರೆ ಅಂಟದ ಹಾಗಾಗಿರುತ್ತದೆ. ಫ್ರೇಮ್ ಹಾಕಿಸಿ, ಗಾಜು ಬೇಡ. ಸಾಗಿಸುವಾಗ ಪ್ಲಾಸ್ಟಿಕ್ ಕವರಾಗಲಿ ಬಬಲ್ ಶೀಟಾಗಲಿ ಬಣ್ಣದ ಮುಖಕ್ಕೆ ತಾಕಬಾರದು, ಬಸ್ಸಿನ ಶಾಖಕ್ಕೆ ಅಚ್ಚು ಬಿದ್ದುಬಿಡುತ್ತದೆ.

ತಂಗಿಗೆ ಎರಡು ಮಾತು ಹೇಳಿ ಕೊಡಿ. ಅಡುಗೆಮನೆಯಲ್ಲಿ, ದೇವರ ದೀಪದ ಮೇಲೆ, ಮಳೆ ತೇವ ಕುಡಿಯುವ ಗೋಡೆಯ ಮೇಲೆ ತೂಗುಹಾಕೋದು ಬೇಡ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಕಾರ್ಕ್ ತುಂಡು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ, ಬೂಷ್ಟು ಹಿಡಿಯೋದಿಲ್ಲ. ಚಿತ್ರದ ಹಿಂದೆ ಮುಗಿಸಿದ ತಾರೀಖು ಬರೆದಿಡಿ. ಆ ತಾರೀಖಿನಿಂದ ಕಡಿಮೆ ಅಂದರೂ ಆರು ತಿಂಗಳು, ಸಾಧ್ಯವಾದರೆ ವರ್ಷ ಕಳೆದ ಮೇಲೆ, ಹತ್ತಿಗೆ ಒಂದು ಹನಿ ಥಿನ್ನರ್ ಹಾಕಿ ಮೂಲೆಯಲ್ಲಿ ಮೆಲ್ಲಗೆ ಸವರಿ ನೋಡಿ. ಬಣ್ಣ ಹತ್ತಿಗೆ ಬರದಿದ್ದರೆ ಅವತ್ತು ವಾರ್ನಿಷ್ ಹಚ್ಚಬಹುದು.